ಸೆಟ್ಟಣ್ಣನ ಮಾತು, ಮೈಕಕ್ಕನ ಹಲ್ಲು

ಆ ಬೀದಿಯ ಜನ ಅವರಿಬ್ಬರ ಬಗ್ಗೆ ಆಡುತ್ತಿದ್ದ ಮಾತು ಇದು: “ಸೆಟ್ಟಣ್ಣನ ಬಾಯಲ್ಲಿರೋದು ಒಂದೇ ಮಾತು, ಊರವರ ಬಾಯಲ್ಲಿರೋದೆಲ್ಲ ಅವನ ಹಲ್ಲು. ಅವನ ಹೆಂಡತಿ ಮೈಕಕ್ಕನ ಬಾಯಲ್ಲಂತೂ ಹತ್ತಾರು ಊರು ಸಾಲಾಗಿ ನಿಂತಿರ್ತವೆ.”

ಆಡಿಕೊಂಡರೂ ಸುಳ್ಳಾಡುತ್ತಿರಲಿಲ್ಲ. ಸೆಟ್ಟಣ್ಣ ಕಟ್ಟುಹಲ್ಲು ಮಾಡುವವನು. ಹಲ್ಲಿನ ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಅದಕ್ಕೆ ಪ್ಲಾಸ್ಟರ್ ಹುಯ್ದು, ಒಸಡಿನ ಮಾದರಿ ಎಬ್ಬಿಸಿ, ಅದರ ಮೇಲೆ ಮೇಣ ಮೆತ್ತಿ, ಮೇಣದಲ್ಲಿ ಒಂದೊಂದೇ ಹಲ್ಲು ನಿಲ್ಲಿಸಿ, ಕೊನೆಗೆ ಮೇಣ ಕರಗಿಸಿ ಆ ಜಾಗಕ್ಕೆ ಗುಲಾಬಿ ಬಣ್ಣದ ಅಕ್ರಿಲಿಕ್ ತುಂಬಿ ಬಿಸಿನೀರಿನಲ್ಲಿ ಬೇಯಿಸಿ ತೆಗೆಯುವತನಕದ ಕೆಲಸವೆಲ್ಲ ಅವನದು. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಕಿಟಕಿಯ ಹಲಗೆಯ ಮೇಲೆ ಯಾರ ಯಾರದೋ ಹಲ್ಲುಗಳು ಕೂತು ಬೀದಿಯಲ್ಲಿ ಹೋಗಿಬರುವವರನ್ನೆಲ್ಲ ನೋಡಿ ನಗುತ್ತಿದ್ದವು. ಸೆಟ್ಟಣ್ಣನ ರೆಪ್ಪೆ, ಮೀಸೆ, ಕಿವಿಯ ಹಾಲೆ ಎಲ್ಲದರ ಮೇಲೂ ಬಿಳೀ ಪುಡಿ. “ಇವನು ಹುಟ್ಟುವಾಗಲೇ ನರೆತು ಹುಟ್ಟಿದ” ಎಂದು ಎದುರುಮನೆಯ ಅಜ್ಜಿ ಹಂಗಿಸುತ್ತಿದ್ದಳು. ಅಜ್ಜಿಯ ಬಾಯಲ್ಲಿದ್ದದ್ದೂ ಅವನೇ ಮಾಡಿದ ಹಲ್ಲು. ಹೀಗಾಗಿ ಅವಳು ಎಷ್ಟು ಬೈದರೂ ಅವನಿಗೆ ಸಿಟ್ಟು ಬರುತ್ತಿರಲಿಲ್ಲ. ಬೈಗುಳ ಅಷ್ಟು ಸ್ಪಷ್ಟವಾಗಿ ಬರುತ್ತಿದೆಯೆಂದರೆ ಹಲ್ಲು ಗಟ್ಟಿಯಾಗಿ ಕೂತಿದೆ ಎಂದು ಒಳಗೊಳಗೇ ಹಿಗ್ಗುತ್ತಿದ್ದ.

ಮೈಕಕ್ಕ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವ ಅಂಕಣದಿಂದ ಎಲ್ಲಿಗೆ ಹೊರಡುತ್ತದೆಂದು ಸಾರುವವಳು. ಸಾರುವುದೆಂದರೆ ಕಿರಿಚುವುದಲ್ಲ. ಪಕ್ಕದಲ್ಲೇ ಕೂತು ಭುಜ ಮುಟ್ಟಿ ಹೇಳಿದ ಹಾಗೆ ಹೇಳುತ್ತಿದ್ದಳು. ಚೀಲಕ್ಕೆ ತಲೆಯಾನಿಸಿ ಕಣ್ಣು ಮುಚ್ಚಿದವರು ಊರೂರಿನ ಹೆಸರನ್ನೂ ಜೋಗುಳದಂತೆ ಕೇಳುತ್ತ ಮಲಗಿರುತ್ತಿದ್ದರು. ತಮ್ಮ ಊರಿನ ಹೆಸರು ಬಂತೋ, ಥಟ್ಟನೆ ಎದ್ದು ಕೂರುತ್ತಿದ್ದರು.

ಇಂಥ ಹೆಂಗಸಿಗೆ ಅಂಥ ಗಂಡ. ಅವನ ಆ ಒಂದು ಮಾತು ಯಾವುದೆಂದು ಹೆಸರೇ ಹೇಳುತ್ತದೆ: ಸೆಟ್. ಇಂಗ್ಲಿಷಿನವರು ಆ ಪದವನ್ನು ಎಷ್ಟು ಕೆಲಸಕ್ಕೆ ಹಚ್ಚಿದ್ದಾರೋ, ಸೆಟ್ಟಣ್ಣ ಅದಕ್ಕಿಂತ ಒಂದು ಕೈ ಮುಂದೆಯೇ ಹೋಗಿದ್ದ. ಪ್ಲಾಸ್ಟರು ಸೆಟ್ ಆಗುತ್ತಿತ್ತು, ಹಲ್ಲು ಸೆಟ್ ಆಗುತ್ತಿತ್ತು, ಬಾಯಿಗೆ ಹಾಕಿಕೊಳ್ಳುವ ಸಾಮಾನೂ ಸೆಟ್ಟೇ. ಅಲ್ಲಿಗೆ ನಿಂತಿದ್ದರೆ ಯಾರೂ ಅವನಿಗೆ ಹೆಸರಿಡುತ್ತಿರಲಿಲ್ಲ. ಅವನ ಬಾಯಲ್ಲಿ ಮಳೆ ಸೆಟ್ ಆಗುತ್ತಿತ್ತು, ಜಗಳ ಸೆಟ್ ಆಗುತ್ತಿತ್ತು, ಹೊಸ ಚಪ್ಪಲಿ ಕಾಲಿಗೆ ಸೆಟ್ ಆಗುತ್ತಿತ್ತು, ಕೆಟ್ಟ ಹೊಟ್ಟೆ ಎರಡು ದಿನಕ್ಕೆ ಸೆಟ್ ಆಗುತ್ತಿತ್ತು. ಮನೆಯಲ್ಲಿ ನಡೆಯುತ್ತಿದ್ದದ್ದು ಹೀಗೆ:

“ಮೊಸರು ಸೆಟ್ ಆಗಿದೆ ಕಣೇ.”

“ಹೆಪ್ಪುಗಟ್ಟಿದೆ.”

“ಗಡಿಯಾರ ಹಿಂದೆ ಬಿದ್ದಿದೆ, ಸೆಟ್ ಮಾಡ್ಬೇಕು.”

“ಮುಳ್ಳು ತಿರುಗಿಸ್ಬೇಕು.”

“ಪಕ್ಕದ ಬೀದಿ ಹುಡುಗಿ ಮದುವೆ ಸೆಟ್ ಆಯ್ತಂತೆ.”

“ಕುದುರಿತಂತೆ. ರೀ, ಒಂದು ಪದಕ್ಕೆ ಇಷ್ಟೊಂದು ಕೆಲಸ ಹಚ್ಚಿದ್ರೆ ಅದಕ್ಕೂ ಸುಸ್ತಾಗಲ್ವಾ? ಪಾಪ, ಒಂದಿನ ರಜಾ ಕೊಡಿ.”

“ನಿನ್ನ ಪದಗಳೆಲ್ಲ ನೆಂಟರ ಹಾಗೆ ಮೂಲೇಲಿ ಕೂತಿರ್ತವೆ. ನನ್ನದು ದುಡಿಯೋ ಪದ.”

ಅವಳು ಮಾತ್ರ ಆ ಪದವನ್ನು ನಾಲಿಗೆಯ ಮೇಲೆ ತರುವುದಿಲ್ಲವೆಂದು ಹಟ ಹಿಡಿದಿದ್ದಳು. ಅಂಗಡಿಗೆ ಹೋದರೆ ಒಂದು ಜೊತೆ ಲೋಟ ಕೊಡಿ ಎಂದು ಕೇಳುತ್ತಿದ್ದಳೇ ಹೊರತು ಸೆಟ್ ಎನ್ನುತ್ತಿರಲಿಲ್ಲ. ಮಗಳು ಚಿಕ್ಕವಳಿದ್ದಾಗ ಶಾಲೆಯಲ್ಲಿ ಟೀಚರು, ನಿಮ್ಮಪ್ಪ ಏನು ಮಾಡ್ತಾರೆ ಎಂದು ಕೇಳಿದ್ದಕ್ಕೆ “ಸೆಟ್ ಮಾಡ್ತಾರೆ” ಅಂದಳಂತೆ. ಅಮ್ಮ? “ಅದು ತಪ್ಪು ಅಂತ ಹೇಳ್ತಾರೆ.”

ಅವನಿಗೆ ಆ ಪದ ಅಂಟಿಕೊಂಡಿದ್ದಕ್ಕೂ ಒಂದು ಕಾರಣವಿತ್ತು. ಕೆಲಸ ಕಲಿಸಿದ ಗುರು ಎಲ್ಲಿಂದಲೋ ಬಂದವನು. ಅವನ ಭಾಷೆ ಇವನಿಗೆ ಬಾರದು, ಇವನ ಭಾಷೆ ಅವನಿಗೆ ಬಾರದು. ನಡುವೆ ಇದ್ದದ್ದು ಇದೊಂದೇ ಪದ. ಗುರು ಹುಬ್ಬೇರಿಸಿ “ಸೆಟ್?” ಅಂದರೆ ಒಣಗಿದೆಯಾ ಎಂದು. ಮೇಜು ಕುಟ್ಟಿ “ಸೆಟ್!” ಅಂದರೆ ಕೂತು ಕೆಲಸ ಮಾಡು ಎಂದು. ಸಾಯಂಕಾಲ ಕೈ ತೊಳೆದು, ಭುಜದ ಮೇಲೆ ಕೈಯಿಟ್ಟು ಮೆಲ್ಲಗೆ “ಸೆಟ್...” ಅಂದರೆ ಈ ದಿನ ಚೆನ್ನಾಗಿ ಮಾಡಿದೆ, ಮನೆಗೆ ಹೋಗು ಎಂದು. ಆ ಒಂದು ಪದದಲ್ಲಿ ಬೈಸಿಕೊಂಡು, ಹೊಗಳಿಸಿಕೊಂಡು, ಕಲಿತು ಬಂದವನಿಗೆ ಬೇರೆ ಪದ ಬೇಕೆಂದು ಅನ್ನಿಸಿರಲೇ ಇಲ್ಲ.

ಇನ್ನು ಇವರಿಬ್ಬರೂ ಎದುರಾದ ಕಥೆ. ಹರೆಯದಲ್ಲಿ ಸೆಟ್ಟಣ್ಣ ಒಂದು ರಟ್ಟಿನ ಡಬ್ಬಿಯನ್ನು ಬಸ್ಸಿನಲ್ಲಿ ಮರೆತು ಇಳಿದುಬಿಟ್ಟ. ಓಡೋಡಿ ಮೈಕಿನ ಕೋಣೆಯ ಕಿಟಕಿಗೆ ಬಂದು ನಿಂತರೆ ಒಳಗೆ ಈಕೆ.

“ಡಬ್ಬೀಲಿ ಏನಿತ್ತು?”

“ಸೆಟ್.”

“ಏನು, ಲೋಟದ್ದೋ, ಸ್ಪ್ಯಾನರದ್ದೋ, ರೇಡಿಯೋದ್ದೋ?”

“ಹಲ್ಲು. ಮೂರು ಜನರದ್ದು.”

ಅವಳು ಒಂದು ಗಳಿಗೆ ಅವನ ಮುಖ ನೋಡಿದಳು. ಮೈಕಿನ ಗುಂಡಿ ಒತ್ತಿದಳು. “ಪ್ರಯಾಣಿಕರ ಗಮನಕ್ಕೆ. ಒಂದು ರಟ್ಟಿನ ಡಬ್ಬಿ ಕಳೆದುಹೋಗಿದೆ. ಅದರಲ್ಲಿ ಮೂವರ ಹಲ್ಲುಗಳಿವೆ. ಸಿಕ್ಕವರು ದಯವಿಟ್ಟು ಹೆದರದೆ ತಂದುಕೊಡಿ.” ಇಡೀ ನಿಲ್ದಾಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅವಳೂ ನಕ್ಕಳು. ನಕ್ಕಾಗ ಮೇಲಿನ ಸಾಲಿನ ಮುಂದಿನೆರಡು ಹಲ್ಲುಗಳ ನಡುವೆ ಒಂದು ಸಂದು ಕಾಣಿಸಿತು. ಅಕ್ಕಿಕಾಳು ತೂರುವಷ್ಟು ಇದ್ದೀತು. ಸೆಟ್ಟಣ್ಣನ ಕಣ್ಣು ಸೀದಾ ಅಲ್ಲಿಗೇ ಹೋಯಿತು. “ಅದನ್ನ ಸೆಟ್ ಮಾಡಬಹುದು” ಅಂದ. “ನಿಮ್ಮ ಡಬ್ಬಿ ಸಿಗೋವರೆಗೂ ಅಲ್ಲಿ ಕೂತಿರಿ” ಅಂದಳು. ಡಬ್ಬಿ ಸಿಕ್ಕಿತು. ಅವನು ಮಾತ್ರ ಏನಾದರೊಂದು ನೆಪ ಮಾಡಿಕೊಂಡು ಅಲ್ಲಿ ಕೂರುವುದನ್ನು ಬಿಡಲಿಲ್ಲ. ಮದುವೆಯಾಯಿತು. ಸಂದು ಹಾಗೆಯೇ ಉಳಿಯಿತು.

ವರ್ಷಗಳು ಉರುಳಿದವು. ಮಗಳು ಗಂಡನ ಮನೆ ಸೇರಿದಳು. ಮೈಕಕ್ಕನ ನಿವೃತ್ತಿ ಹತ್ತಿರವಾಯಿತು. ಅದೇ ಹೊತ್ತಿಗೆ ನಿಲ್ದಾಣಕ್ಕೆ ಯಂತ್ರ ಬರುವುದೆಂದಾಯಿತು. ಇನ್ನು ಮೈಕಿನ ಮುಂದೆ ಯಾರೂ ಕೂರಬೇಕಾಗಿಲ್ಲ; ಒಂದೇ ಸಲ ದನಿ ಹಿಡಿದಿಟ್ಟುಕೊಂಡರೆ ಯಂತ್ರವೇ ಹೊತ್ತುಹೊತ್ತಿಗೆ ಹೇಳುತ್ತದೆ. ನಿಲ್ದಾಣದ ಮೇಲ್ವಿಚಾರಕರು ಮೈಕಕ್ಕನನ್ನು ಕರೆದು, “ಅಕ್ಕ, ನಿಮ್ಮ ದನಿಯನ್ನೇ ತಗೊಳ್ಳಿ ಅಂತ ಹೇಳಿದ್ದೀನಿ. ನಿಮ್ಮ ಕೊನೇ ಕೆಲಸದ ದಿನ ರೆಕಾರ್ಡಿಂಗ್‌ನವರು ಬರ್ತಾರೆ. ಸರಿಹೋದ್ರೆ ನಿಮ್ಮದೇ. ಇಲ್ಲಾಂದ್ರೆ ಅವರ ಹತ್ರ ಯಾರದೋ ತಯಾರಾದ ದನಿ ಇದೆ, ಅದನ್ನೇ ಹಾಕ್ಬಿಡ್ತಾರೆ. ಮತ್ತೊಂದ್ಸಲ ಬರಲ್ಲ ಅವರು” ಅಂದರು.

ಅವತ್ತು ಸಂಜೆ ಅವಳು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟಳು. “ರೀ, ನಾನು ಮನೇಲಿ ಕೂತಿದ್ದಾಗಲೂ ಅಲ್ಲಿ ಯಾರೋ ಒಬ್ಬ ಮುದುಕಿ ತಪ್ಪು ಬಸ್ಸು ಹತ್ತೋಕೆ ಹೋಗ್ತಾಳೆ ಅಂತಿಟ್ಕೊಳ್ಳಿ. ಅಯ್ಯೋ ಅದಲ್ಲಮ್ಮ, ಈ ಕಡೆ ಬಾ ಅಂತ ನನ್ನ ದನಿ ಹೇಳುತ್ತೆ. ಚೆನ್ನಾಗಿರಲ್ವಾ?” ಹೇಳುವಾಗ ಕಣ್ಣು ಎಳೆಹುಡುಗಿಯ ಕಣ್ಣಿನ ಹಾಗೆ ಹೊಳೆಯುತ್ತಿತ್ತು. ತನಗಾಗಿ ಏನನ್ನೂ ಬಯಸದ ಹೆಂಗಸು ಇದೊಂದನ್ನು ಬಯಸಿಬಿಟ್ಟಿದ್ದಾಳೆಂದು ಸೆಟ್ಟಣ್ಣನಿಗೆ ಗೊತ್ತಾಯಿತು.

ಆದರೆ ಬಾಯಿ ಕೈಕೊಟ್ಟಿತು. ಒಸಡಿನ ಬೇನೆ ಮೊದಲಿನಿಂದಲೂ ಇತ್ತು. ಈಗ ಮೇಲಿನ ಸಾಲು ಪೂರ್ತಿ ಅಲ್ಲಾಡತೊಡಗಿ, ಬಾತು, ಕೀವು ಕಟ್ಟಿ, ಡಾಕ್ಟರು ಒಂದೂ ಬಿಡದೆ ತೆಗೆಯಬೇಕಾಯಿತು. ಗಾಯ ಮಾಯುವತನಕ ರಜೆ. ಮೈಕಕ್ಕ ಬಾಯಿಗೆ ಕರವಸ್ತ್ರ ಹಿಡಿದು ಮೂಲೆಯಲ್ಲಿ ಕೂತಳು. ಸೆಟ್ಟಣ್ಣ ಮಾತ್ರ ಹೊಸ ಹುರುಪಿನಲ್ಲಿದ್ದ. “ನೀನೇನೂ ಯೋಚನೆ ಮಾಡ್ಬೇಡ. ಊರಿಗೆಲ್ಲ ಮಾಡಿದವನು ನಿನಗೆ ಮಾಡಲ್ವಾ? ಎಂಥಾ ಸೆಟ್ ಮಾಡ್ತೀನಿ ನೋಡ್ತಿರು.”

ಅವನು ಎಡವಿದ್ದು ಅಲ್ಲಿಯೇ. ಬೇರೆ ಯಾರದೇ ಹಲ್ಲಾದರೂ ಮೇಣದಲ್ಲಿರುವಾಗಲೇ ಒಮ್ಮೆ ಅವರ ಬಾಯಿಗಿಟ್ಟು ನೋಡುವುದು ಅವನ ಪದ್ಧತಿ. ಡಾಕ್ಟರ ಕುರ್ಚಿಯ ಪಕ್ಕ ತಾನೇ ನಿಂತು “ಎಲ್ಲಿ, ಒಂದ್ಸಲ ಸೆಟ್ ಅನ್ನಿ” ಎಂದು ಹೇಳಿಸುತ್ತಿದ್ದ. ಆ ಪದ ಸೀಟಿ ಹೊಡೆಯದೆ, ಜೊಲ್ಲು ಸಿಡಿಸದೆ ಹೊರಬಂದರೆ ಸೈ. ಮೇಣವಾದರೆ ಹಲ್ಲನ್ನು ಇನ್ನೂ ಅತ್ತಿತ್ತ ಮಾಡಬಹುದು. ಬೇಯಿಸಿದ ಮೇಲೆ ಮುಗಿಯಿತು. ಹೆಂಡತಿಯ ವಿಷಯದಲ್ಲಿ ಮಾತ್ರ ಆ ಮೆಟ್ಟಿಲನ್ನೇ ಹಾರಿಬಿಟ್ಟ. ದಿನಾ ಎದುರಿಗೆ ಕೂತು ಉಣ್ಣುವ ಬಾಯಿ, ಅದನ್ನು ನೋಡುವುದೇನು ಎಂದುಕೊಂಡ. ಕದ್ದುಮುಚ್ಚಿ ಮಾಡಿ ಅಚ್ಚರಿಗೊಳಿಸುವ ಆಸೆ ಬೇರೆ. ಮುತ್ತಿನಂಥ ಹಲ್ಲುಗಳನ್ನು ಆರಿಸಿ, ಒಂದಕ್ಕೊಂದು ಒತ್ತಿ ನಿಲ್ಲಿಸಿದ. ಅಂದು ಕಿಟಕಿಯಲ್ಲಿ ನಿಂತು ‘ಸೆಟ್ ಮಾಡಬಹುದು’ ಅಂದಿದ್ದ ಆ ಸಂದನ್ನು ಇಷ್ಟು ಕಾಲದ ಮೇಲೆ ಮುಚ್ಚಿಬಿಟ್ಟ. ಅವನ ಕೈಯಿಂದ ಅಂಥ ಚೆಲುವಾದ ಸಾಲು ಇನ್ನೊಂದು ಬಂದಿರಲಿಲ್ಲ.

ಹಾಕಿಕೊಂಡು ಅವಳು ಕನ್ನಡಿಯ ಮುಂದೆ ನಿಂತಳು. ಅವನು ಹಿಂದೆ ನಿಂತು ಕನ್ನಡಿಯೊಳಗಿಂದ ಅವಳನ್ನೇ ನೋಡಿದ. ಎದುರುಮನೆಯ ಅಜ್ಜಿ ಬಾಗಿಲಿಗೇ ಬಂದು, “ಎಲಾ ಇವಳ! ಸಿನಿಮಾದವಳ ಹಾಗೆ ಆಗ್ಬಿಟ್ಟಿದ್ದಾಳಲ್ಲೋ! ನನಗೆ ಮಾತ್ರ ಕುದುರೆ ಹಲ್ಲು ಹಾಕ್ಬಿಟ್ಟೆ” ಎಂದು ಮುನಿಸಿಕೊಂಡಳು.

“ಎಲ್ಲಿ, ಒಂದ್ಸಲ ಸೆಟ್ ಅನ್ನು” ಅಂದ ಸೆಟ್ಟಣ್ಣ.

ಅವಳು ತುಟಿ ಬಿಗಿದು ತಲೆಯಾಡಿಸಿದಳು. ಅವಳ ಹಟ ಗೊತ್ತಿದ್ದವನೇ ಆದ್ದರಿಂದ ನಕ್ಕು ಸುಮ್ಮನಾದ.

ಮೊದಮೊದಲು ಮಾತು ತೊದಲಿದಾಗ, ಎಲ್ಲರಿಗೂ ಹಾಗೆಯೇ, ನಾಲಿಗೆಗೆ ಹೊಸ ಮನೆ, ಸೆಟ್ ಆಗಲು ಹೊತ್ತು ಬೇಕು ಎಂದ. ಅವಳು ಹೂಂಗುಟ್ಟಿದಳು. ಕೆಲಸಕ್ಕೂ ಹೋಗತೊಡಗಿದಳು. ಮನೆಯಲ್ಲಿ ಮಾತ್ರ ಏನೋ ಒಂದು ಕಡಿಮೆಯಾಗಿತ್ತು. ಫ್ಯಾನು ನಿಂತ ಮೇಲೆ, ಓ, ಇಷ್ಟು ಹೊತ್ತು ಸದ್ದಾಗುತ್ತಿತ್ತಲ್ಲ ಅನ್ನಿಸುವುದಿಲ್ಲವೇ, ಹಾಗೆ. ಒಂದು ಬೆಳಿಗ್ಗೆ ಅವನಿಗೆ ಹೊಳೆಯಿತು. “ಮೊಸರು ಸೆಟ್ ಆಗಿದೆ” ಅಂದದ್ದಕ್ಕೆ ಅವಳು ಬರೀ “ಹೂಂ” ಅಂದಿದ್ದಳು.

ಪರೀಕ್ಷೆಗೆಂದು ಮತ್ತೊಂದು ಎಸೆದ. “ಮೋಡ ಸೆಟ್ ಆಗಿದೆ ಕಣೇ, ಛತ್ರಿ ತಗೋ.”

“ಹೂಂ.”

ಬೇಕೆಂದೇ ಇಲ್ಲದ ಕಡೆಯೆಲ್ಲ ತುರುಕಿದ. “ನಿನ್ನೆಯಿಂದ ನನ್ನ ಮನಸ್ಸೇ ಸೆಟ್ ಇಲ್ಲ. ಎದುರುಮನೆ ಅಜ್ಜಿ ಮುನಿಸು ಇನ್ನೂ ಸೆಟ್ ಆಗಿಲ್ಲ. ಈ ಚಹಾಕ್ಕೆ ಸಕ್ಕರೆ ಸೆಟ್ ಆಗಿಲ್ಲ.”

ಅವಳು ಎದ್ದು ಹೋಗಿ ಸಕ್ಕರೆ ಡಬ್ಬಿ ತಂದು ಅವನ ಮುಂದಿಟ್ಟಳು. ಅಷ್ಟೆ. ಸೆಟ್ಟಣ್ಣ ಸಕ್ಕರೆ ಹಾಕಿಕೊಳ್ಳದೆ ಲೋಟ ಪಕ್ಕಕ್ಕಿಟ್ಟ.

ಅವತ್ತೇ ಮಧ್ಯಾಹ್ನ ಡಾಕ್ಟರಿಗೆ ಕೊಡುವ ಕೆಲಸ ಕೊಟ್ಟು, ಹಿಂದಿರುಗುವಾಗ ಬಸ್ ನಿಲ್ದಾಣಕ್ಕೆ ಹೋಗಿ, ಕಂಬದ ಮರೆಯ ಬೆಂಚಿನಲ್ಲಿ ಕೂತ. ಅವಳಿಗೆ ತಿಳಿಸಿರಲಿಲ್ಲ. ಪಕ್ಕದಲ್ಲಿ ಸಾಮಾನು ಹೊರುವವನೊಬ್ಬ ಬೀಡಿ ಹಚ್ಚುತ್ತಿದ್ದ. ಮೇಲೆ ಸ್ಪೀಕರು ಕರಕರ ಅಂದಿತು.

“ಪ್ರಯಾಣಿಕರ ಗಮನಕ್ಕೆ. ಎರಡನೆಯ ಅಂಕಣದ ಗಾಡಿ ಹೊರಡಲು ಅಣಿಯಾಗಿದೆ. ನೂಕದೆ, ಒಬ್ಬರ ಹಿಂದೊಬ್ಬರು ಬಂದು ನೆರವಾಗಿ.”

ಸೆಟ್ಟಣ್ಣ ತಲೆಯೆತ್ತಿದ. ದನಿ ಅವಳದೇ, ಮಾತು ಅವಳದಲ್ಲ. ಇಷ್ಟು ವರ್ಷ ಅವಳು ಹೇಳುತ್ತಿದ್ದದ್ದು ಅವನಿಗೆ ಬಾಯಿಪಾಠ: ಬಸ್ಸು ಹೊರಡಲು ಸಿದ್ಧವಾಗಿದೆ, ಸಾಲಾಗಿ ಬಂದು ಸಹಕರಿಸಿ.

“ಮೈಕಕ್ಕ ಈಚೆಗೆ ಪದ್ಯ ಓದಿದ ಹಾಗೆ ಓದ್ತಾರೆ ಸ್ವಾಮಿ” ಅಂದ ಬೀಡಿಯವನು. “ಬಸ್ಸಿಗೆ ಗಾಡಿ ಅಂತಾರೆ. ನಿನ್ನೆ ಒಬ್ಬ ಮುದುಕ ಎತ್ತೆಲ್ಲಿ ಅಂತ ಹುಡುಕ್ತಿದ್ದ.”

ಅವನು ನಕ್ಕ. ಸೆಟ್ಟಣ್ಣ ನಗಲಿಲ್ಲ. ಮತ್ತೆ ಸ್ಪೀಕರು ಮಾತಾಡಿತು. ಸಂಜೆಯ ಬದಲು ಇಳಿಹೊತ್ತು ಬಂತು. ಸಮಯದ ಬದಲು ವೇಳೆ. ಸ್ವಲ್ಪದ ಬದಲು ಕೊಂಚ. ಒಂದೊಂದು ಪದ ಬಂದಾಗಲೂ ಅದರ ಹಿಂದೆ ಅಡಗಿಕೊಂಡ ಇನ್ನೊಂದು ಪದ ಅವನಿಗೆ ಕಾಣಿಸುತ್ತಿತ್ತು. ‘ಸ’ ಇರುವ ಒಂದು ಮಾತೂ ಅವಳ ಬಾಯಿಂದ ಹೊರಬರುತ್ತಿಲ್ಲ. ಕಲ್ಲುಮುಳ್ಳಿನ ದಾರಿಯಲ್ಲಿ ಬರಿಗಾಲಿನವಳು ಹೆಜ್ಜೆ ಆರಿಸಿ ಇಡುವ ಹಾಗೆ, ಅವಳು ಪದ ಆರಿಸಿ ಆರಿಸಿ ನಡೆಯುತ್ತಿದ್ದಾಳೆ. ಅವನು ಮೂಲೆಯಲ್ಲಿ ಕೂತ ನೆಂಟರೆಂದು ಹಂಗಿಸಿದ ಪದಗಳೇ ಈಗ ಒಬ್ಬೊಬ್ಬರಾಗಿ ಎದ್ದು ಬಂದು ಅವಳ ಮಾನ ಕಾಯುತ್ತಿವೆ. ಆದರೆ ರೆಕಾರ್ಡಿಂಗ್‌ನವರು ಅವಳು ಓದಬೇಕಾದ ಮಾತನ್ನು ಆಗಲೇ ಬರೆದು ಕಳಿಸಿದ್ದರು. ಅದರಲ್ಲಿ ಗಾಡಿಯಿಲ್ಲ, ಸಾಲುಸಾಲಿಗೂ ಬಸ್ಸು.

ಸಂಜೆ ಅವಳು ಬಂದು ಕೈಕಾಲು ತೊಳೆದು ಕೂರುವವರೆಗೆ ಅವನು ಕಾದ. ಆಮೇಲೆ ಕೇಳಿದ.

“ಬಸ್ಸು ಅನ್ನು.”

ಅವಳು ಮುಖ ತಿರುಗಿಸಿದಳು. “ಯಾಕೆ?”

“ಅನ್ನೇ.”

“ಗಾಡಿ.”

“ಗಾಡಿಯಲ್ಲ. ನಾನು ಮಧ್ಯಾಹ್ನ ಅಲ್ಲೇ ಕೂತಿದ್ದೆ.”

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಆಮೇಲೆ “ಬಸ್ಸು” ಅಂದಳು. ಪದದ ಬಾಲ ಹಿಡಿದುಕೊಂಡು ಸಣ್ಣದೊಂದು ಸೀಟಿ ಹೊರಟಿತು. ಕೆಟಲಿನ ಮೂತಿಯಿಂದ ಹಬೆ ಹೊರಡುತ್ತದಲ್ಲ, ಹಾಗೆ. ಅವಳಿಗೇ ನಗು ಬಂತು. ನಗುತ್ತ ನಗುತ್ತಲೇ ಕಣ್ಣು ತುಂಬಿಕೊಂಡಿತು.

“ಯಾಕೆ ಹೇಳಲಿಲ್ಲ?”

“ಕನ್ನಡೀಲಿ ನಿಮ್ಮ ಮುಖ ನೋಡಿದ್ನಲ್ಲ. ಅಷ್ಟು ಖುಷಿಯಾಗಿ ನೀವು ನನ್ನ ನೋಡಿದ್ದು... ಹ್ಯಾಗೆ ಹೇಳಲಿ?” ಅವಳು ಮೂಗೊರೆಸಿಕೊಂಡಳು. “ಹಲ್ಲು ಚೆನ್ನಾಗಿದೆ ರೀ. ನನ್ನದಲ್ಲ, ಅಷ್ಟೆ. ನನ್ನ ನಾಲಿಗೆ ಆ ಜಾಗ ಹುಡುಕ್ತಾ ಹುಡುಕ್ತಾ ಗೋಡೆಗೆ ಡಿಕ್ಕಿ ಹೊಡೀತಾ ಇದೆ.”

ಮಾರನೆಯ ದಿನ ಸೆಟ್ಟಣ್ಣ ಡಾಕ್ಟರ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದ. ಡಾಕ್ಟರು ಗದರಲಿಲ್ಲ. “ಮೇಣದಲ್ಲಿದ್ದಾಗಲೇ ಒಮ್ಮೆ ಕರ್ಕೊಂಡು ಬಂದಿದ್ರೆ ಇಬ್ಬರೂ ಸೇರಿ ನೋಡಬಹುದಿತ್ತಲ್ರೀ. ಸಂದು ಇದ್ದ ಬಾಯಿ ಅದು, ಮಾತು ಕಲ್ತಿದ್ದೇ ಆ ಸಂದಿನ ಜೊತೆ” ಅಂದು, ಅವಳನ್ನು ಕರೆಸಿಕೊಂಡು ಹೊಸ ಅಚ್ಚು ತೆಗೆದುಕೊಟ್ಟರು. ಸಂದು ಎಷ್ಟಗಲ ಬಿಡಬೇಕೆಂದು ಕೇಳಿದರೆ, “ಅದು ನಿಮಗೇ ಗೊತ್ತಿರಬೇಕು” ಅಂದರು.

ಗೊತ್ತಿರಲಿಲ್ಲ. ಅದೇ ದೊಡ್ಡ ಪೇಚಾಟವಾಯಿತು. ಒಂದು ಆಯುಷ್ಯ ನೋಡಿದ ಸಂದು, ಸರಿಯಾಗಿ ಎಷ್ಟಿತ್ತು, ಎಡಗಡೆ ಹಲ್ಲು ಒಂಚೂರು ತಿರುಗಿತ್ತೋ ಇಲ್ಲವೋ, ನೆನಪಿಗೇ ಬರುತ್ತಿಲ್ಲ. ತಪ್ಪೆಂದು ನೋಡಿದ್ದನೇ ಹೊರತು ನೋಡಬೇಕೆಂದು ನೋಡಿರಲಿಲ್ಲ. ಫೋಟೋ ತೆಗೆದು ನೋಡೋಣವೆಂದರೆ ಎಲ್ಲದರಲ್ಲೂ ತುಟಿ ಮುಚ್ಚಿದ್ದಾಳೆ. ಕೊನೆಗೆ ಉಳಿದದ್ದು ಕಿವಿಯೊಂದೇ.

ರೆಕಾರ್ಡಿಂಗಿಗೆ ಎರಡು ದಿನ ಮುಂಚೆ, ರಜೆಯ ದಿನ, ಊಟವಾದ ಮೇಲೆ ಅವಳನ್ನು ಕಿಟಕಿಯ ಬೆಳಕಿಗೆ ಕೂರಿಸಿದ. ಸ್ಪಿರಿಟ್ ದೀಪ ಹಚ್ಚಿದ. ಪ್ಲಾಸ್ಟರಿನ ಒಸಡಿನ ಮೇಲೆ ಮೇಣ, ಮೇಣದಲ್ಲಿ ಹೊಸ ಹಲ್ಲು. ಅವಳ ಬಾಯಿಗೆ ಇಡುವುದು, ಅವಳು ಒಂದು ಮಾತು ಹೇಳುವುದು, ಇವನು ಕಿವಿಗೊಟ್ಟು ಕೇಳಿ ಹೊರತೆಗೆಯುವುದು, ಬಿಸಿ ಚಾಕುವಿನ ತುದಿಯಲ್ಲಿ ಮೇಣ ಮೆತ್ತಗೆ ಮಾಡಿ ಹಲ್ಲನ್ನು ಕೂದಲೆಳೆಯಷ್ಟು ಅಲುಗಿಸಿ ಮತ್ತೆ ಇಡುವುದು.

“ಸೊಸೆ” ಅಂದಳು. ಸೀಟಿ.

“ತಾಳು, ಸೆಟ್ ಮಾಡ್ತೀನಿ.”

“ಸೆ... ಆ ನಿಮ್ಮ ಪದ ಅಂದ್ರೆ ಏನು ಮಾಡ್ತೀರಿ? ಒಳಗೆ ತಳ್ತೀರಾ, ಹೊರಗೆ ಎಳೀತೀರಾ, ಓರೆ ಮಾಡ್ತೀರಾ?”

ಸೆಟ್ಟಣ್ಣ ಚಾಕು ಹಿಡಿದವನು ಹಾಗೆಯೇ ನಿಂತ. ಏನು ಮಾಡುತ್ತೇನೆ? ಕೈಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಈ ಸಲ ಕೈಗೂ ಗೊತ್ತಿಲ್ಲ. ಕೇಳಿ ತಿಳಿಯಬೇಕು.

“ನೀನೇ ಹೇಳು” ಅಂದ.

ಅವಳು ನಾಲಿಗೆಯ ತುದಿಯಿಂದ ಬಾಯೊಳಗೆಲ್ಲ ತಡಕಾಡಿದಳು. “ಎಡಗಡೇದು ಹೊರಗೆ ಬಾಗಿದೆ. ಒಳಕ್ಕೆ ಅದುಮಿ. ದಬ್ಬಬೇಡಿ, ಅದುಮಿ ಅಂದೆ... ಹಾಂ. ಈಗ ಎರಡನ್ನೂ ಬಿಡಿಸಿ. ಕೊಂಚ. ಕೇಳಿ, ‘ಸಾಸಿವೆ’. ಅಯ್ಯೋ, ಈಗ ತೊದಲ್ತಾ ಇದೆ. ಜಾಸ್ತಿ ಬಿಡಿಸಿದ್ರಿ, ಹತ್ತಿರ ಸರಿಸಿ. ಸರಿಸೋದು ಅಂದ್ರೆ ಮೆಲ್ಲಗೆ ಕಣ್ರೀ, ಬೀರು ಎಳೆದ ಹಾಗಲ್ಲ.”

“ಸರಿಸಿದೆ.”

“ಬಲಗಡೇದನ್ನ ತುಸು ತಿರುಗಿಸಿ. ಕದ ಓರೆ ಮಾಡ್ತೀವಲ್ಲ, ಹಾಗೆ.”

“ಓರೆ ಮಾಡಿದೆ.”

ಹೀಗೆ ಅದುಮಿ, ಬಿಡಿಸಿ, ಸರಿಸಿ, ತಿರುಗಿಸಿ, ಎತ್ತಿ, ತಗ್ಗಿಸಿ, ಒಂದೊಂದು ಪದಕ್ಕೂ ಅವನ ಬೆರಳು ಒಂದೊಂದು ಬಗೆಯಾಗಿ ಬಾಗಿತು. ಒಮ್ಮೆ ಅವನು ಮರೆತು ತನ್ನ ಮಾತನ್ನು ಆಡಿಬಿಟ್ಟ. ಅವಳು ಅವನ ಮೊಣಕೈಗೆ ಹೊಡೆದಳು. ಮೇಣದಿಂದ ಹಲ್ಲೊಂದು ಹಾರಿ ಮೇಜಿನ ಕೆಳಗೆ ಉರುಳಿತು. ಇಬ್ಬರೂ ಮಂಡಿಯೂರಿ ಹುಡುಕುವಾಗ ತಲೆಗೆ ತಲೆ ತಗುಲಿತು. “ನೋಡಿ, ಈ ವಯಸ್ಸಲ್ಲಿ ಇಬ್ಬರೂ ನೆಲದ ಮೇಲೆ ಹಲ್ಲು ಹುಡುಕ್ತಾ ಇದ್ದೀವಿ, ಯಾರಾದ್ರೂ ನೋಡಿದ್ರೆ ಹೊಡೆದಾಡಿದ್ರು ಅಂತಾರೆ” ಎಂದು ಅವಳು ಬೊಚ್ಚುಬಾಯಿ ತೆರೆದು ನಕ್ಕಳು. ಅವನು ಆ ಬೊಚ್ಚುಬಾಯಿಯನ್ನು ನೋಡಿಯೇ ನೋಡಿದ. ನೋಡಬೇಕೆಂದೇ ನೋಡಿದ.

ಬಿಸಿಲು ಎದುರುಮನೆಯ ಗೋಡೆ ಹತ್ತುವ ಹೊತ್ತಿಗೆ ಅವನು ಕೊನೆಯ ಸಲ ಮೇಣ ನೇವರಿಸಿ ಅವಳ ಬಾಯಿಗಿಟ್ಟ. ಅವಳು ಬೆನ್ನು ನೆಟ್ಟಗೆ ಮಾಡಿದಳು. ಮೈಕು ಎದುರಿಗಿದೆಯೆನ್ನುವ ಹಾಗೆ ಗಲ್ಲವನ್ನು ಒಂದಿಷ್ಟು ಎತ್ತಿದಳು.

“ಪ್ರಯಾಣಿಕರ ಗಮನಕ್ಕೆ. ಬಸ್ಸು ಹೊರಡಲು ಸಿದ್ಧವಾಗಿದೆ. ಸಾಲಾಗಿ ಬಂದು ಸಹಕರಿಸಿ.”

ಸೀಟಿಯಿಲ್ಲ, ತೊದಲಿಲ್ಲ. ಪಕ್ಕದಲ್ಲಿ ಕೂತು ಭುಜ ಮುಟ್ಟಿ ಹೇಳಿದಂಥ ಅದೇ ದನಿ. ಕಿಟಕಿಯಾಚೆಯಿಂದ ಎದುರುಮನೆಯ ಅಜ್ಜಿ ಗಂಟಲು ತೆರೆದಳು: “ಮೈಕಕ್ಕಾ, ಯಾವೂರಿನ ಬಸ್ಸೇ? ನಮ್ಮ ಬೀದಿಗೂ ಬಂತೇನೇ?”

“ಬಂತು ಅಜ್ಜಿ, ಸರಸರ ಹತ್ತಿ!” ಎಂದು ಮೈಕಕ್ಕ ಕೂಗಿದಳು. ಸೆಟ್ಟಣ್ಣ ದೀಪ ಆರಿಸುವ ನೆಪದಲ್ಲಿ ಆ ಕಡೆ ತಿರುಗಿದ. ರೆಪ್ಪೆಯ ಮೇಲಿನ ಬಿಳೀ ಪುಡಿ ಒದ್ದೆಯಾಗಿ ಅಂಟಿಕೊಂಡಿತ್ತು.

ಮಾರನೆಯ ದಿನವೆಲ್ಲ ಅವನು ಅದನ್ನು ಬೇಯಿಸಿದ, ಉಜ್ಜಿದ, ಹೊಳಪು ಕೊಟ್ಟ. ಹಳೆಯ ಚೆಲುವಾದ ಸಾಲನ್ನು ಕಿಟಕಿಯ ಹಲಗೆಯ ಮೂಲೆಗೆ ಸರಿಸಿಟ್ಟ. ಅವಳೇ ಅದನ್ನು ತೊಳೆದು ಒರೆಸಿದಳು. “ಇದು ಬೀಳ್ಕೊಡುಗೆ ಫೋಟೋಗೆ. ಫೋಟೋ ಏನು ಮಾತಾಡುತ್ತಾ? ಮೈಕಿಗೆ ಅದು, ಮೋರೆಗೆ ಇದು” ಅಂದಳು. “ಎರಡೆರಡು ಇರೋವಳು ಈ ಊರಲ್ಲೇ ನಾನೊಬ್ಬಳು. ಹಲ್ಲಿನವನನ್ನ ಕಟ್ಟಿಕೊಂಡಿದ್ದಕ್ಕೆ ಅಷ್ಟಾದ್ರೂ ಬೇಡವಾ?”

ರೆಕಾರ್ಡಿಂಗಿನ ದಿನ ಬೆಳಿಗ್ಗೆ ಅವಳು ಹೊಸ ಸಾಲನ್ನು ಬಾಯಲ್ಲಿಟ್ಟುಕೊಂಡಳು. ಇನ್ನೊಂದನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಕೆಲಸಕ್ಕೆಂದು ಈ ಹೊಸಿಲು ದಾಟುವುದು ಇದೇ ಕೊನೆ. ನಾಳೆಯಿಂದ ಅವಳು ಹೊರಟರೆ ತರಕಾರಿಗೆ, ಇಲ್ಲವೇ ಮಗಳ ಮನೆಗೆ.

“ನಾನೂ ಬರಲಾ?” ಅಂದ ಸೆಟ್ಟಣ್ಣ.

“ಬೇಡ. ಗಾಜಿನಾಚೆ ನೀವು ಕೂತು ನನ್ನ ಬಾಯನ್ನೇ ನೋಡ್ತಿದ್ರೆ ನಾನು ಊರಿನ ಹೆಸರೆಲ್ಲ ಮರೆತುಬಿಡ್ತೀನಿ.”

“ಒಸಡಿಗೆ ಒತ್ತುತ್ತಾ?”

“ಇಲ್ಲ.”

“ಒತ್ತಿದ್ರೆ ತೆಗೆದು ನೀರಲ್ಲಿ...”

“ಗೊತ್ತು ರೀ. ಹಾಲಿಟ್ಟಿದ್ದೀನಿ, ಉಕ್ಕೋ ಮುಂಚೆ ಇಳಿಸಿ. ಅಜ್ಜಿಗೆ ಹಲ್ಲು ಸಡಿಲವಂತೆ, ನೋಡಿಕೊಡಿ, ನಾಳೆ ನಾಳೆ ಅಂತ ಓಡಾಡಿಸಬೇಡಿ.”

ಅವಳು ಚಪ್ಪಲಿ ಮೆಟ್ಟಿದಳು. ಅವನು ಅವಳ ಹೆಗಲ ಮೇಲಿದ್ದ ಒಂದು ಚಿಟಿಕೆ ಬಿಳೀ ಪುಡಿಯನ್ನು ಕೊಡವಿದ. ಕೊಡವಿದ ಕೈಯಲ್ಲೇ ಪುಡಿಯಿದ್ದದ್ದರಿಂದ ಅದು ಇನ್ನಷ್ಟಾಯಿತು. “ಬಿಡಿ, ನಿಮ್ಮದೂ ಒಂದಿಷ್ಟು ಜೊತೆಗೆ ಬರಲಿ” ಎಂದು ಅವಳು ಮೆಟ್ಟಿಲಿಳಿದಳು.

ಬೀದಿಯಲ್ಲಿ ಹಾಲಿನವನು ಸೈಕಲ್ ನಿಲ್ಲಿಸಿ, “ಇವತ್ತೇನಕ್ಕಾ, ಇಷ್ಟು ಬೇಗ?” ಎಂದು ಕೇಳಿದ. ಅವಳು ನಿಂತು ಉತ್ತರ ಕೊಟ್ಟಳು. ಏನೆಂದಳೋ, ಬಾಗಿಲಲ್ಲಿ ನಿಂತವನಿಗೆ ಮಾತು ಬಿಡಿಯಾಗಿ ಕೇಳಿಸಲಿಲ್ಲ. ದನಿ ಮಾತ್ರ ಕೇಳಿಸಿತು. ಆಮೇಲೆ ಅವಳು ಚೀಲವನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿಕೊಂಡು, ನಿಲ್ದಾಣದ ಕಡೆಯ ತಿರುವಿನಲ್ಲಿ ತಿರುಗಿದಳು.